ಮೂರೂ ಮುಕ್ಕಾಲು ಪ್ರತಿ

ಹಾಸನದ ಬಾನು ಮುಷ್ತಾಕ್ ಅವರಿಗೆ 2025ರ ಮೇ ತಿಂಗಳಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ, ಅಂದಿನಿಂದ ಅಂಕೋಲೆಯ ಬರಹಗಾರರಿಗೆ ಹೊಸದೊಂದು ಜ್ವರ ಹಿಡಿದಿದೆ. ಮೊದಲೆಲ್ಲ ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರ ಚಾ ಕುಡಿಯುವಾಗ 'ಮುನ್ನುಡಿ ಯಾರ ಹತ್ರ ಬರೆಸ್ತೆ?' ಎಂದು ಕೇಳುತ್ತಿದ್ದವರು ಈಗ 'ಏಜೆಂಟ್ ಸಿಕ್ಕಿದ್ನಾ?' ಎಂದು ಕೇಳುತ್ತಾರೆ. ಕೇಳುವವರಿಗೂ ಏಜೆಂಟ್ ಎಂದರೆ ಏನೆಂದು ಗೊತ್ತಿಲ್ಲ, ಕೇಳಿಸಿಕೊಂಡವರಿಗೂ ಗೊತ್ತಿಲ್ಲ. ಆದರೆ ಇಲ್ಲ ಎಂದು ಹೇಳುವುದಕ್ಕೆ ಇಬ್ಬರಿಗೂ ನಾಚಿಕೆ. ಒಂದು ಕಾದಂಬರಿ ಬರೆದು ಮುಗಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿರುವ ನಾನೂ ಈ ರೋಗಿಗಳಲ್ಲಿ ಒಬ್ಬ.

ಏಜೆಂಟರಿಗೆ ನಮ್ಮ ಜಿಲ್ಲೆಯಲ್ಲಿ ಬರಗಾಲ ಎಂಬುದೇ ಇಲ್ಲ. ಬೈತಕೋಲದಲ್ಲಿ ಮೀನು ಬೋಟಿನಿಂದ ಇಳಿಯುವ ಮೊದಲೇ ಅದನ್ನು ಲಿಲಾವು ಕೂಗುವವನು ದಕ್ಕೆಯ ಮೇಲೆ ನಿಂತಿರುತ್ತಾನೆ. ಪಿಗ್ಮಿ ಏಜೆಂಟ್ ದಿನವೂ ಅಂಗಡಿ ಬಾಗಿಲಿಗೆ ಬರುತ್ತಾನೆ, ಎಲ್‌ಐಸಿ ಏಜೆಂಟ್ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕಕ್ಕೇ ಕೂರುತ್ತಾನೆ. ಸೀಬರ್ಡ್ ನೌಕಾನೆಲೆಗೆ ಮನೆ, ಗದ್ದೆ ಬಿಟ್ಟುಕೊಟ್ಟವರ ಪರಿಹಾರದ ಫೈಲು ಹಿಡಿದು ಓಡಾಡಿಯೇ ಮುದುಕರಾದವರಿದ್ದಾರೆ. ಅಲಗೇರಿಯಲ್ಲಿ ವಿಮಾನ ನಿಲ್ದಾಣ, ಕೇಣಿಯಲ್ಲಿ ಬಂದರು ಎಂಬ ಸುದ್ದಿ ಎದ್ದ ಮೇಲಂತೂ ನಿನ್ನೆಯವರೆಗೆ ಕಾಯಿ ವ್ಯಾಪಾರ ಮಾಡುತ್ತಿದ್ದವನೂ ಜಾಗದ ದಲಾಲಿ. ಗೋವಾದಲ್ಲಿ ನೌಕರಿ ಕೊಡಿಸುವುದಕ್ಕೆ, ವಾಹನದ ಲೈಸೆನ್ಸಿಗೆ, ಹುಡುಗಿ ನೋಡುವುದಕ್ಕೆ, ಎಲ್ಲದಕ್ಕೂ ಜನರಿದ್ದಾರೆ. ಕಾದಂಬರಿ ಬರೆದಿದ್ದೇನೆ ಎಂದರೆ ಮಾತ್ರ ಇವರಲ್ಲಿ ಒಬ್ಬನೂ ಚಾ ಕೂಡ ಕುಡಿಸುವುದಿಲ್ಲ.

ಹೆಂಡತಿಯ ಸೋದರಮಾವ ನಿವೃತ್ತ ಮಾಸ್ತರರು. ಲೆಕ್ಕ ಕಲಿಸಿದವರು. ಅವರಿಗೆ ನಾನು ಸಾಹಿತ್ಯ ಏಜೆಂಟನ ಕೆಲಸ ವಿವರಿಸಿದೆ. ಹಸ್ತಪ್ರತಿ ಓದುತ್ತಾನೆ, ಒಳ್ಳೆಯ ಪ್ರಕಾಶಕರಿಗೆ ತೋರಿಸುತ್ತಾನೆ, ಕರಾರು ಮಾಡಿಸುತ್ತಾನೆ, ದುಡ್ಡು ಕೊಡಿಸುತ್ತಾನೆ ಎಂದೆ.

"ಯಾರಿಗೆ ಕೊಡಿಸ್ತಾನೆ ಅವ?"

"ನನಗೆ, ಮಾವ."

"ಕನ್ನಡ ಪುಸ್ತಕಕ್ಕಾ?"

ಹೌದೆಂದೆ. ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಅವನಿಗೆ ಎಷ್ಟು?"

ಲಂಡನ್ನಿನಲ್ಲಿ ಎ.ಪಿ. ವಾಟ್ ಎಂಬಾತ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ಉದ್ಯೋಗ ಶುರುಮಾಡಿದಾಗ ಶೇಕಡಾ 10 ತೆಗೆದುಕೊಳ್ಳುತ್ತಿದ್ದ. ಈಗ ಸಾಮಾನ್ಯವಾಗಿ 15, ಹೊರದೇಶದ ಹಕ್ಕಾದರೆ 20. ಇಷ್ಟು ಹೇಳಿದ್ದೇ ತಡ, ಮಾವ ಹಳೆಯ ಲಗ್ನಪತ್ರಿಕೆಯ ಬೆನ್ನಿನ ಮೇಲೆ ಲೆಕ್ಕ ಹಾಕತೊಡಗಿದರು. ಪುಸ್ತಕದ ಬೆಲೆ 180 ರೂಪಾಯಿ. ಅಚ್ಚಾಗುವುದು 500 ಪ್ರತಿ. ಗೌರವಧನ ಶೇಕಡಾ 10. ಐನೂರಕ್ಕೆ ಐನೂರೂ ಖರ್ಚಾದರೆ (ಇಲ್ಲಿ ಮಾವ ನನ್ನ ಮುಖ ನೋಡಿದರು) ನನಗೆ 9,000 ರೂಪಾಯಿ. ಅದರಲ್ಲಿ ಏಜೆಂಟನ ಪಾಲು 1,350. ಆತ ನನ್ನ ಪರವಾಗಿ ಒಂದು ಸಲ ಬೆಂಗಳೂರಿಗೆ ಸ್ಲೀಪರ್ ಬಸ್ಸಿನಲ್ಲಿ ಹೋಗಿ ಬಂದರೆ ಮುಗಿಯಿತು, ಮಧ್ಯಾಹ್ನದ ಊಟ ಅವನ ಕೈಯಿಂದ.

ಅದೂ ಗೌರವಧನ ದುಡ್ಡಿನಲ್ಲಿ ಬಂದರೆ. ಹೊಸಬರಿಗೆ ನಮ್ಮಲ್ಲಿ ಬಹುಮಟ್ಟಿಗೆ ಬರುವುದು ಪುಸ್ತಕದ ರೂಪದಲ್ಲಿ. 25 ಪ್ರತಿ ಕಟ್ಟಿ, ಲಾರಿ ಪಾರ್ಸೆಲ್ಲಿಗೆ ಹಾಕಿ, ಬಾಡಿಗೆ ನಾವೇ ಕೊಡುವಂತೆ ಕಳಿಸುತ್ತಾರೆ. 25ರ ಶೇಕಡಾ 15 ಎಂದರೆ ಮೂರೂ ಮುಕ್ಕಾಲು ಪುಸ್ತಕ. ಮುಕ್ಕಾಲು ಪುಸ್ತಕವನ್ನು ಹೇಗೆ ಕೊಡುವುದು ಎಂಬುದು ಮಾವನಿಗೆ ದೊಡ್ಡ ಪ್ರಶ್ನೆಯಾಯಿತು. ಮುನ್ನುಡಿಯಿಂದ ಹರಿದು ಕೊಡುವುದೋ, ಕೊನೆಯ ಕಾಲು ಭಾಗ ಹರಿದು ಇಟ್ಟುಕೊಳ್ಳುವುದೋ? ಕೊನೆಗೆ ಅವರೇ ಪರಿಹಾರ ಹೇಳಿದರು: "ಮುಕ್ಕಾಲಿಗಿಂತ ಹೆಚ್ಚು ಯಾರೂ ಓದೂದಿಲ್ಲ, ಮೊದಲಿಂದ ಕೊಡು."

ಈ ಲೆಕ್ಕದಲ್ಲಿ ಇನ್ನೂ ಸುಂದರವಾದ ಮನೆ ಒಂದಿದೆ. ಹೊಸ ಲೇಖಕನ ಹಸ್ತಪ್ರತಿ ತೂಗಿ ನೋಡಿದ ಪ್ರಕಾಶಕರು (ಹೆಸರು ಬೇಡ, ಈ ಮಾತನ್ನು ಒಬ್ಬರೇ ಆಡುವುದಿಲ್ಲ) ಮೊದಲು ಕೇಳುವುದು ಕತೆ ಏನೆಂದಲ್ಲ, 'ನೀವೆಷ್ಟು ಪ್ರತಿ ತಗೊಳ್ತೀರಿ?' ಎಂದು. ಅಂದರೆ ನಾನು ಮುಂಗಡವಾಗಿ 40,000 ರೂಪಾಯಿ ಕೊಟ್ಟು ನನ್ನ ಪುಸ್ತಕವನ್ನು ನಾನೇ ಕೊಳ್ಳಬೇಕು. ಆಗ ನನ್ನ ಆದಾಯ ಸೊನ್ನೆಗಿಂತ 40,000 ಕೆಳಗೆ. ಆದಾಯದಲ್ಲಿ ಪಾಲುದಾರನಾದ ಮೇಲೆ ಏಜೆಂಟ್ ನಷ್ಟದಲ್ಲಿಯೂ ಪಾಲುದಾರನಾಗಬೇಕಷ್ಟೆ. ಮಾವನ ಪ್ರಕಾರ ಆತ ನನಗೆ 6,000 ರೂಪಾಯಿ ಕೊಡಬೇಕು. ಕನ್ನಡದಲ್ಲಿ ಸಾಹಿತ್ಯ ಏಜೆಂಟ್ ಏಕೆ ಹುಟ್ಟಲಿಲ್ಲ ಎಂದು ವಿಚಾರ ಸಂಕಿರಣ ಮಾಡಲು ಹೊರಟವರು ಈ ಲಗ್ನಪತ್ರಿಕೆಯನ್ನು ನನ್ನಿಂದ ತರಿಸಿಕೊಳ್ಳಬಹುದು.

ಹಾಗೆಂದು ಕರ್ನಾಟಕದಲ್ಲಿ ಏಜೆನ್ಸಿಯೇ ಹುಟ್ಟಲಿಲ್ಲವೆಂದಲ್ಲ. ಬೆಂಗಳೂರಿನಲ್ಲಿಯೇ 1997ರಲ್ಲಿ ಜಕರಂಡಾ ಎಂಬ ಸಾಹಿತ್ಯ ಏಜೆನ್ಸಿ ಹುಟ್ಟಿತು. ಇಂಗ್ಲಿಷಿಗಾಗಿ. ದಿಲ್ಲಿ, ಜೈಪುರಗಳಲ್ಲಿಯೂ ಇದ್ದಾರೆ, ಅವರೂ ಇಂಗ್ಲಿಷಿನವರೇ. ಕನ್ನಡದವನು ಅವರ ಬಾಗಿಲಿಗೆ ಹೋಗಬೇಕಾದರೆ ಮೊದಲು ಅನುವಾದಕರು ಬೇಕು. ಒಳ್ಳೆಯ ಅನುವಾದಕರಿಗೆ ಪುಸ್ತಕ ಮುಟ್ಟಬೇಕಾದರೆ ಅದು ಮೊದಲು ಕನ್ನಡದಲ್ಲಿ ಹೆಸರು ಮಾಡಿರಬೇಕು. ಹೆಸರು ಮಾಡಬೇಕಾದರೆ ಅಚ್ಚಾಗಬೇಕು. ಅಚ್ಚಾಗಬೇಕಾದರೆ ಮೇಲೆ ಹೇಳಿದ 40,000.

ಆದರೂ ಆಸೆ ನೋಡಿ. ಮಗಳ ಹತ್ತಿರ ಮೂರು ಅಧ್ಯಾಯ ಇಂಗ್ಲಿಷ್ ಮಾಡಿಸಿ ಒಂದೆರಡು ಕಡೆ ಕಳಿಸಿದೆ. ಅವರು ಕೇಳುವ ಸಾಮಾನಿನ ಪಟ್ಟಿ ಉದ್ದವಿದೆ. ಕತೆಯನ್ನು ಒಂದೇ ಪುಟದಲ್ಲಿ ಹೇಳಬೇಕು. ಒಂದು ಪುಟದಲ್ಲಿ ಹೇಳಲಿಕ್ಕೆ ಆಗುವ ಹಾಗಿದ್ದರೆ ನಾನು ನಾನೂರು ಪುಟ ಏಕೆ ಬರೆಯುತ್ತಿದ್ದೆ ಎಂದು ಬರೆಯುವವನಿದ್ದೆ, ಮಗಳು ತಡೆದಳು. ನಿಮ್ಮ ಪುಸ್ತಕ ಇತ್ತೀಚಿನ ಯಾವ ಪುಸ್ತಕವನ್ನು ಹೋಲುತ್ತದೆ ಎಂಬುದು ಮುಂದಿನ ಪ್ರಶ್ನೆ. ಕನ್ನಡದಲ್ಲಿ ಈ ಪ್ರಶ್ನೆಯನ್ನು ಕೇಳುವವರು ಪೊಲೀಸ್ ದೂರು ಕೊಡುವ ಉದ್ದೇಶವುಳ್ಳವರು ಮಾತ್ರ. ಇಲ್ಲಿ ಎಲ್ಲ ಪುಸ್ತಕಗಳೂ 'ಈವರೆಗೆ ಯಾರೂ ತುಳಿಯದ ಹಾದಿ'ಯವು, ಬೆನ್ನುಡಿ ನೋಡಿ ಬೇಕಾದರೆ. ಕೊನೆಯದು, ನಿಮ್ಮ ಹಿಂಬಾಲಕರು ಎಷ್ಟು? ಇನ್‌ಸ್ಟಾಗ್ರಾಮಿನಲ್ಲಿ ನನ್ನನ್ನು ಹಿಂಬಾಲಿಸುವವರಲ್ಲಿ ಒಂದು ಟೈಲ್ಸ್ ಅಂಗಡಿಯೂ ಒಂದು ಕೋಚಿಂಗ್ ಕ್ಲಾಸೂ ಇವೆ. ಅವನ್ನೂ ಸೇರಿಸಿ ಬರೆದೆ.

ಒಬ್ಬರಿಂದ ಉತ್ತರ ಬಂತು. ನಿಮ್ಮ ಬರವಣಿಗೆಯಲ್ಲಿ ಮೆಚ್ಚುವಂಥದ್ದು ಬಹಳ ಇದೆ, ಆದರೆ ಸದ್ಯ ನಮ್ಮ ಪಟ್ಟಿಗೆ ಹೊಂದುವುದಿಲ್ಲ, ಬೇರೆಯವರಿಗೆ ಇಷ್ಟವಾಗಬಹುದು, ಶುಭವಾಗಲಿ. ಸಾವಿರ ಜನರಿಗೆ ಕಳಿಸುವ ಅಚ್ಚಿನ ಪತ್ರ ಎಂದು ಮಗಳು ಹೇಳಿದಳು. ಇರಲಿ. ನನ್ನ ಜನ್ಮದಲ್ಲಿ ಇಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಬೇಡವೆಂದಿರಲಿಲ್ಲ. ಕನ್ನಡದಲ್ಲಿ ಹಸ್ತಪ್ರತಿ ಕಳಿಸಿದರೆ ಬರುವ ಉತ್ತರ ಮೌನ. ಫೋನ್ ಮಾಡಿದರೆ 'ಓದ್ತಾ ಇದ್ದೇನೆ' ಎನ್ನುತ್ತಾರೆ. ಮುಂದಿನ ಮಳೆಗಾಲದಲ್ಲಿ ಮಾಡಿದರೂ ಓದುತ್ತಲೇ ಇರುತ್ತಾರೆ. ಆಮೇಲೆ ಯಾವುದೋ ಸಮ್ಮೇಳನದ ಊಟದ ಸಾಲಿನಲ್ಲಿ ಸಿಕ್ಕಾಗ 'ಇನ್ನೊಂದು ಪ್ರತಿ ಕಳಿಸ್ತೀರಾ?' ಎನ್ನುತ್ತಾರೆ. ಆ ಇಂಗ್ಲಿಷ್ ಪತ್ರವನ್ನು ನಾನು ಪ್ರಿಂಟ್ ತೆಗೆಸಿದ್ದೇನೆ. ಬೆನ್ನುಡಿಗೆ 'ಮೆಚ್ಚುವಂಥದ್ದು ಬಹಳ ಇದೆ' ಎಂಬಲ್ಲಿಯವರೆಗೆ ಬಳಸಿಕೊಳ್ಳುವ ಯೋಚನೆಯಿದೆ.

ಈ ತಾಲೂಕಿನಲ್ಲಿ ಬರೆಯಲು ಕೂತವನ ದೊಡ್ಡ ಕಷ್ಟ ಏಜೆಂಟ್ ಇಲ್ಲದ್ದಲ್ಲ, ಉದಾಹರಣೆಗಳಿರುವುದು. 'ಘಾಚರ್ ಘೋಚರ್' ಬರೆದ ವಿವೇಕ ಶಾನಭಾಗರು ನಮ್ಮ ಅಂಕೋಲೆಯವರು. ಹೆಗ್ಗೋಡಿನ ಅಕ್ಷರ ಪ್ರಕಾಶನದ ಪುಸ್ತಕ ಶ್ರೀನಾಥ್ ಪೇರೂರರ ಅನುವಾದದಲ್ಲಿ ನ್ಯೂಯಾರ್ಕಿನ ಅಂಗಡಿ ಸೇರಿತು. ಅವರು ಅದಕ್ಕೂ ಮೊದಲು ದಶಕಗಟ್ಟಲೆ ಕತೆ ಬರೆದಿದ್ದರು ಎಂಬುದು ಯಾರಿಗೂ ಬೇಡ. 'ಅವರಿಗೆ ಆಯ್ತಲ್ಲ, ನಿನಗ್ಯಾಕೆ ಆಗೂದಿಲ್ಲ?' ಎಂಬುದಷ್ಟೇ ಬೇಕು. ಇತ್ತ ಗೋಕರ್ಣದ ಕಡೆ ತಿರುಗಿದರೆ ಜಯಂತ ಕಾಯ್ಕಿಣಿ. ಹತ್ತೊಂಬತ್ತರ ವಯಸ್ಸಿಗೇ ರಾಜ್ಯ ಸಾಹಿತ್ಯ ಅಕಾಡೆಮಿಯ ಬಹುಮಾನ. ನನಗೆ ನಲವತ್ತು ದಾಟಿದೆ. ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ಆದರೆ ಅದು ಯುವ ಬರಹಗಾರರಿಗೆ. ತಲೆ ನರೆತ ಮೇಲೆ ಚೊಚ್ಚಲಾಗುವವರಿಗೆ ಯಾವ ಕಾಲಮ್ಮೂ ಇಲ್ಲ. ಇನ್ನು ದಿನಕರ ದೇಸಾಯಿಯವರು ಚುಟುಕ ಬರೆದು ತಾಲೂಕಿಗೆ ತಾಲೂಕನ್ನೇ ಕೆಡಿಸಿ ಹೋದರು. ನಾಲ್ಕು ಸಾಲು ಬರೆಯಲು ಬಾರದವರು ಇಲ್ಲಿ ಸಿಗುವುದಿಲ್ಲ, ನಾನೂರು ಪುಟ ಓದುವವರೂ ಸಿಗುವುದಿಲ್ಲ.

ಹಿಂದಿನವರು ಏನು ಮಾಡುತ್ತಿದ್ದರು? ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಅಚ್ಚುಕೂಟವನ್ನೇ ಹಾಕಿದರು. ನನಗೆ ಕುತ್ತಿಗೆ ನೋವಿದೆ, ಅಚ್ಚುಕೂಟಕ್ಕೆ ಸಾಲ ಸಿಗುವುದಿಲ್ಲ. ಹೀಗಾಗಿ ನನಗೆ ಹತ್ತಿರದವನಾಗಿ ಕಾಣುವವನು ಮುದ್ದಣ. ನಂದಳಿಕೆಯ ಲಕ್ಷ್ಮೀನಾರಣಪ್ಪ ಉಡುಪಿಯಲ್ಲಿ ಡ್ರಿಲ್ ಮಾಸ್ತರ. ಡ್ರಿಲ್ ಮಾಸ್ತರನ ಕಾವ್ಯವನ್ನು ಮೈಸೂರಿನ ಪಂಡಿತರು ಓದುತ್ತಾರೆಯೇ? ಇವನು ಏನು ಮಾಡಿದ ನೋಡಿ: ತಾನು ಬರೆದದ್ದನ್ನು ಹಳೆಯ ಕಾಲದ ಯಾವುದೋ ಕವಿಯದು, ತನಗೆ ಸಿಕ್ಕಿತು ಅಷ್ಟೇ, ಎಂಬಂತೆ ಮೈಸೂರಿನ 'ಕಾವ್ಯಕಲಾನಿಧಿ'ಗೆ ಕಳಿಸಿದ. ಅವರು ಅಚ್ಚು ಹಾಕಿದರು. ಮುದ್ದಣ ಮೂವತ್ತೊಂದನೆಯ ವಯಸ್ಸಿಗೆ, 1901ರಲ್ಲಿ ತೀರಿಕೊಂಡ. 'ರಾಮಾಶ್ವಮೇಧ' ಅವನದೇ ಎಂದು ಲೋಕಕ್ಕೆ ಖಚಿತವಾದದ್ದು ಆಮೇಲೆ. ಕನ್ನಡದ ಅತ್ಯಂತ ಯಶಸ್ವಿ ಸಾಹಿತ್ಯ ಏಜೆಂಟ್ ಯಾರು ಎಂದು ಕೇಳಿದರೆ ನಾನು ಈ ಹೆಸರಿಲ್ಲದ, ಹುಟ್ಟದೇ ಸತ್ತ ಹಳಗನ್ನಡ ಕವಿಯನ್ನೇ ತೋರಿಸುತ್ತೇನೆ. ಕಮಿಷನ್ ಕೇಳಲಿಲ್ಲ, ಹಸ್ತಪ್ರತಿ ಕಳೆಯಲಿಲ್ಲ, ಸನ್ಮಾನಕ್ಕೆ ತಾನೇ ಬರುತ್ತೇನೆ ಎನ್ನಲಿಲ್ಲ. ಸತ್ತವರ ಪುಸ್ತಕಕ್ಕೆ ನಮ್ಮಲ್ಲಿ ಇಂದಿಗೂ ಬೇಗ ಬಾಗಿಲು ತೆರೆಯುತ್ತದೆ. ಈ ಉಪಾಯವನ್ನು ನಾನು ಸಂಪೂರ್ಣ ಕೈಬಿಟ್ಟಿಲ್ಲ.

ಕಾರವಾರಕ್ಕೆ ಹೋದಾಗಲೆಲ್ಲ ಠಾಗೋರ್ ಬೀಚಿನಲ್ಲಿ ಕೂತು ಇನ್ನೊಬ್ಬನ ಬಗ್ಗೆ ಹೊಟ್ಟೆ ಉರಿದುಕೊಳ್ಳುತ್ತೇನೆ. 1883ರಲ್ಲಿ ಇಪ್ಪತ್ತೆರಡರ ರವೀಂದ್ರನಾಥರು ಇಲ್ಲಿಗೆ ಬಂದಾಗ ಅವರೂ ಹೆಚ್ಚುಕಮ್ಮಿ ಹೊಸ ಲೇಖಕರೇ. ಆದರೆ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಸಮುದ್ರದ ದಂಡೆಗೆ ಜಡ್ಜ್ ಸಾಹೇಬರ ಬಂಗಲೆ, ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿವಿಹಾರ. 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದದ್ದು ಇಲ್ಲಿಯೇ. ಇದೇ ಕಾರವಾರದಲ್ಲಿ ನಾನೂ ನೌಕರಿ ಮಾಡುತ್ತೇನೆ. ನನ್ನ ಅಣ್ಣ ಹುಬ್ಬಳ್ಳಿಯಲ್ಲಿ ಬ್ಯಾಟರಿ ಅಂಗಡಿಯಲ್ಲಿದ್ದಾನೆ.

ಇರಲಿ, ಅಣ್ಣನಿಂದ ನೊಬೆಲ್ ಬರಲಿಲ್ಲ. 1912ರಲ್ಲಿ ಠಾಗೋರರು ತಾವೇ ಇಂಗ್ಲಿಷ್ ಮಾಡಿದ ಗೀತೆಗಳನ್ನು ಹಿಡಿದು ಲಂಡನ್ನಿಗೆ ಹೋದರು. ಹಸ್ತಪ್ರತಿಯಿದ್ದ ಪೆಟ್ಟಿಗೆಯನ್ನು ಮಗ ರಥೀಂದ್ರನಾಥ ನೆಲದಡಿಯ ರೈಲಿನಲ್ಲಿ ಬಿಟ್ಟು ಇಳಿದುಬಿಟ್ಟ. ಕಳೆದ ವಸ್ತುಗಳ ಕಚೇರಿಯಲ್ಲಿ ಅದು ಮರಳಿ ಸಿಕ್ಕಿತು. ಚಿತ್ರಕಾರ ರೋಥೆನ್‌ಸ್ಟೈನ್ ಅದನ್ನು ಓದಿ, ಪ್ರತಿ ಮಾಡಿಸಿ, ಯೇಟ್ಸ್‌ಗೆ ಕಳಿಸಿದರು. ಯೇಟ್ಸ್ ಮುನ್ನುಡಿ ಬರೆದರು. ಒಂದು ಪೈಸೆ ಕಮಿಷನ್ ಇಲ್ಲದ ಏಜೆಂಟಿಕೆ! ಇಂಡಿಯಾ ಸೊಸೈಟಿ ಅಚ್ಚು ಹಾಕಿದ್ದು 750 ಪ್ರತಿ, ಅದರಲ್ಲಿ ಮಾರಾಟಕ್ಕಿದ್ದದ್ದು 250 ಮಾತ್ರ. ಈ ಅಂಕಿ ಓದಿದ ದಿನ ನನಗಾದ ಸಂತೋಷ ಹೇಳತೀರದು. ನೊಬೆಲ್ ಪುಸ್ತಕದ ಮೊದಲ ಮುದ್ರಣದ ಗಾತ್ರವೂ ನಮ್ಮ ಕವನ ಸಂಕಲನದ್ದೇ, ಮಾರದೆ ಹಂಚುವ ಪದ್ಧತಿಯೂ ನಮ್ಮದೇ!

ಒಂದು ವ್ಯತ್ಯಾಸವಿದೆ. ಈ ಹಸ್ತಪ್ರತಿಯನ್ನು ರೈಲಿನಲ್ಲಿ, ಬಸ್ಸಿನ ಮಾಳಿಗೆಯಲ್ಲಿ, ಹೋಟೆಲಿನಲ್ಲಿ ಜೊತೆಗಿಟ್ಟುಕೊಂಡು ಓದಿದ್ದಾಗಿ ಯೇಟ್ಸ್ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾರೆ. ಮುನ್ನುಡಿಕಾರರು ಪುಸ್ತಕ ಓದುವ ಈ ವಿಚಿತ್ರ ಪದ್ಧತಿ ನಮ್ಮ ಜಿಲ್ಲೆಗೆ ಇನ್ನೂ ಬಂದಿಲ್ಲ. ನಮ್ಮ ಮುನ್ನುಡಿ ಕಾವ್ಯ ಎಂದರೇನು ಎಂಬಲ್ಲಿ ಶುರುವಾಗಿ, ಮುನ್ನುಡಿಕಾರರ ಧಾರವಾಡದ ವಿದ್ಯಾರ್ಥಿ ಜೀವನವನ್ನು ಹಾದು, ಕೊನೆಯ ಪರಿಚ್ಛೇದದಲ್ಲಿ 'ಇಂಥ ಸಂದರ್ಭದಲ್ಲಿ ಈ ಯುವಮಿತ್ರರು' ಎಂದು ನನ್ನನ್ನು ಬಸ್ಸಿಗೆ ಹತ್ತಿಸಿಬಿಡುತ್ತದೆ. ಇನ್ನು ಯೇಟ್ಸ್‌ರನ್ನೂ ಪೂರ್ತಿ ನಂಬುವ ಹಾಗಿಲ್ಲ. 1935ರ ಹೊತ್ತಿಗೆ ಅದೇ ರೋಥೆನ್‌ಸ್ಟೈನ್‌ಗೆ ಅದೇ ಠಾಗೋರರ ಇಂಗ್ಲಿಷನ್ನು ಬೈದು ಪತ್ರ ಬರೆದರು. ಮುನ್ನುಡಿ ಬರೆದವರು ಆಮೇಲೆ ಬೈಯುವ ಪದ್ಧತಿಯಾದರೂ ನಮ್ಮಲ್ಲಿದೆ. ಪತ್ರ ಬರೆಯುವುದಿಲ್ಲ, ಚಾ ಅಂಗಡಿಯಲ್ಲಿ ಹೇಳುತ್ತಾರೆ.

ಹೀಗೆ ನೋಡುತ್ತ ಹೋದರೆ ಕನ್ನಡದಲ್ಲಿ ಏಜೆಂಟರಿಲ್ಲ ಎಂಬ ಮಾತೇ ಸುಳ್ಳು. ಕೆಲಸವನ್ನು ಹಂಚಿಕೊಂಡಿದ್ದಾರೆ, ಅಷ್ಟೆ. ಪ್ರಕಾಶಕರಿಗೆ ಫೋನ್ ಮಾಡಿ 'ನಮ್ಮ ಹುಡುಗ' ಎನ್ನುವವರೊಬ್ಬರು. ಆ ಫೋನಿನ ಋಣಕ್ಕೆ ಅವರ ಎಪ್ಪತ್ತನೆಯ ಹುಟ್ಟುಹಬ್ಬದ ಅಭಿನಂದನ ಗ್ರಂಥಕ್ಕೆ ನಾನು ಲೇಖನ ಬರೆಯಬೇಕು. ಬಿಡುಗಡೆ ಮಾಡುವವರೊಬ್ಬರು, ಅವರಿಗೆ ಕಾರು ಮಾಡಬೇಕು. ಕೃತಿ ಪರಿಚಯ ಮಾಡುವವರೊಬ್ಬರು, ಅವರಿಗೆ ಮೈಕು ಸಿಕ್ಕ ಮೇಲೆ ಊಟ ಆರುತ್ತದೆ. ಗ್ರಂಥಾಲಯದ ಸಗಟು ಖರೀದಿಯ ಪಟ್ಟಿಯಲ್ಲಿ ಹೆಸರು ಬರಲೆಂದು ಹರಕೆ ಹೊರಬೇಕು. ಬಂದರೆ 300 ಪ್ರತಿ ಖರ್ಚು, ದುಡ್ಡು ಮುಂದಿನ ಸರ್ಕಾರದಲ್ಲಿ. ಶೇಕಡಾ 15ಕ್ಕೆ ಇದನ್ನೆಲ್ಲ ಒಬ್ಬನೇ ಮಾಡುತ್ತಾನೆಂದರೆ ಅವನಷ್ಟು ಅಗ್ಗದವನು ಇನ್ನೊಬ್ಬನಿಲ್ಲ. ಹೊಸ ಲೇಖಕನಿಗೆ ಏಜೆಂಟನ ಮೇಲೆ ಇರುವ ಮೋಹ ದುಡ್ಡಿನದಲ್ಲ. ತನ್ನ ಪುಸ್ತಕ ಚೆನ್ನಾಗಿದೆ ಎಂದು ತಾನೇ ಹೇಳಿಕೊಂಡು ತಿರುಗುವ ಮುಜುಗರವನ್ನು ಇನ್ನೊಬ್ಬರ ತಲೆಗೆ ಕಟ್ಟುವ ಆಸೆ ಅದು. ಗಳಗನಾಥರ ಗಂಟಿನ ಭಾರ ಪುಸ್ತಕದ್ದಷ್ಟೇ ಆಗಿರಲಿಕ್ಕಿಲ್ಲ.

ಕುಹಕ ಬಿಟ್ಟು ಒಂದು ಮಾತು ಹೇಳಬೇಕು. ಅಂಬಾರಕೊಡ್ಲದಲ್ಲಿ ಕೂತು ವಿಷ್ಣು ನಾಯ್ಕರು ರಾಘವೇಂದ್ರ ಪ್ರಕಾಶನ ನಡೆಸಿದರು. ಅಂಕೋಲೆಯ ಹಳ್ಳಿಯ ಒಂದು ಅಂಗಳದಿಂದ ಈ ಜಿಲ್ಲೆಯವರ ಪುಸ್ತಕಗಳು ಹೊರಬಿದ್ದವು. ಸ್ವತಃ ಕವಿಯಾದವರು ಇನ್ನೊಬ್ಬರ ಪ್ರೂಫ್ ತಿದ್ದುವುದಕ್ಕಿಂತ ದೊಡ್ಡ ತ್ಯಾಗವನ್ನು ನಾನು ಕಾಣೆ. ಬಡಗೇರಿಯ ಸುಕ್ರಜ್ಜಿಯದು ಇನ್ನೂ ಬೇರೆ ದಾರಿ. ಓದು ಬರಹ ಬಾರದ ಸುಕ್ರಿ ಬೊಮ್ಮಗೌಡರು ಹಾಲಕ್ಕಿಗಳ ಹಾಡನ್ನೆಲ್ಲ ಬಾಯಲ್ಲಿಟ್ಟುಕೊಂಡಿದ್ದರು. 2017ರಲ್ಲಿ ಪದ್ಮಶ್ರೀ ಅವರ ಮನೆಯ ದಾರಿ ಹುಡುಕಿಕೊಂಡು ಬಂತು. ಸಾರಾಂಶ ಒಂದು ಪುಟದಲ್ಲಿ ಕೊಡಿ ಎಂದು ಯಾರೂ ಕೇಳಲಿಲ್ಲ.

2023ರಲ್ಲಿ ನಮ್ಮ ಕರಿ ಇಶಾಡು ಮಾವಿಗೂ ಜಿಐ ಮಾನ್ಯತೆ ಸಿಕ್ಕಿತು. ಹಣ್ಣಿಗೆ ಸಿಕ್ಕಿದ್ದು ಕಾದಂಬರಿಗೆ ಯಾಕಿಲ್ಲ ಎಂದು ಮಾವನನ್ನು ಕೇಳಿದೆ. "ಹಣ್ಣನ್ನ ಜನ ದುಡ್ಡು ಕೊಟ್ಟು ತಗೊಳ್ತಾರೆ ಮಾರಾಯಾ" ಎಂದರು.

ಮಾವ ಹೇಳಿದ ಮೇಲೆ ನಾನು ಏಜೆಂಟನ ಆಸೆ ಬಿಟ್ಟಿದ್ದೇನೆ. ಪುಸ್ತಕ ಮಳೆಗಾಲ ಕಳೆದ ಮೇಲೆ ಬರುತ್ತದೆ, ಬಿಡುಗಡೆ ಅಂಕೋಲೆಯಲ್ಲಿಯೇ. ಚಾ, ಅವಲಕ್ಕಿ ಇದೆ, ಎಲ್ಲರೂ ಬನ್ನಿ. ನನ್ನ ನೆಂಟರು, ಸಹೋದ್ಯೋಗಿಗಳು, ಚುಟುಕ ಕವಿಮಿತ್ರರು, ಮುಖ್ಯವಾಗಿ 'ನಮಗೊಂದು ಪ್ರತಿ ಇಟ್ಟಿರು' ಎಂದು ಈಗಾಗಲೇ ಹೇಳಿರುವವರು ದಯವಿಟ್ಟು ಗಮನಿಸಿ: ಬೆಲೆ 180 ರೂಪಾಯಿ, ಗೂಗಲ್ ಪೇ ನಡೆಯುತ್ತದೆ, ಗೌರವ ಪ್ರತಿ ಯಾರಿಗೂ ಇಲ್ಲ.